ಏಟು ತಿಂದವರೆಲ್ಲ ಕೊಲೆಗಾರರಾಗುವುದಿಲ್ಲ. ಹಾಗಾದರೆ ಆಗುವವರು ಯಾರು?

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಲಕ್ಷ ಜನಕ್ಕೆ ಎರಡರ ಆಸುಪಾಸು. ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರುವುದು ಜಗಳ: 9,962. ಅದರ ನಂತರ ಹಳೆಯ ದ್ವೇಷ, 3,761. ದುಡ್ಡಿಗಾಗಿ ನಡೆದದ್ದು 1,884. ಸಿನಿಮಾದಲ್ಲಿ ಬರುವಂಥ ಸರಣಿ ಹಂತಕರು ಈ ಪಟ್ಟಿಯಲ್ಲಿ ದುರ್ಬೀನು ಹಾಕಿ ಹುಡುಕಬೇಕಾದಷ್ಟು ಕಡಿಮೆ. ಹಾಸನ, ಚಿಕ್ಕಮಗಳೂರಿನ ಪೇಪರುಗಳ ಜಿಲ್ಲಾ ಪುಟದಲ್ಲಿ ಬರುವುದೂ ಇಂಥವೇ: ಬದುವಿನ ತಕರಾರು, ಆಸ್ತಿ ಪಾಲು, ಬಾರಿನ ಮುಂದೆ ಬೆಳೆದ ಮಾತು, ಹೆಂಡತಿಯ ಮೇಲಿನ ಅನುಮಾನ. ಆಯುಧ ಅಂದರೆ ಕೈಗೆ ಸಿಕ್ಕಿದ ಮಚ್ಚು, ಕುಡುಗೋಲು, ಸೌದೆ ತುಂಡು.

ಹಾಗಾಗಿ ‘ರಾಕ್ಷಸ ಹೇಗೆ ಹುಟ್ಟುತ್ತಾನೆ’ ಅಂತ ಕೇಳುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲ. ಒಂದೇ ಬದುವಿನ ಜಗಳದಲ್ಲಿ ಹತ್ತು ಜನ ನಿಂತಿರುತ್ತಾರೆ. ಒಂಬತ್ತು ಜನ ಕೂಗಾಡಿ, ಅಪ್ಪ-ಅಮ್ಮನನ್ನೆಲ್ಲ ಸೇರಿಸಿ ಬೈದು, ‘ಕೋರ್ಟಲ್ಲಿ ನೋಡ್ಕೋತೀನಿ’ ಅಂತ ಹೊರಡುತ್ತಾರೆ. ಒಬ್ಬನ ಕೈ ಮಾತ್ರ ಮಚ್ಚಿಗೆ ಹೋಗುತ್ತದೆ. ಆ ಒಬ್ಬನಿಗೂ ಉಳಿದ ಒಂಬತ್ತು ಜನಕ್ಕೂ ವ್ಯತ್ಯಾಸ ಎಲ್ಲಿ ಬಿತ್ತು ಎಂದು ಕೇಳಿದಾಗ ಬಾಲ್ಯದ ಮಾತು ಬರುತ್ತದೆ.

ಸುಲಭದ ಉತ್ತರ ‘ಚಿಕ್ಕಂದಿನಲ್ಲಿ ಹೊಡೆದು ಬಡಿದು ಬೆಳೆಸಿದ್ದರು’ ಅನ್ನುವುದು. ಇಷ್ಟಕ್ಕೇ ನಿಂತರೆ ಲೆಕ್ಕ ತಾಳೆಯಾಗುವುದಿಲ್ಲ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಅವರಲ್ಲಿ ಶೇ 69ರಷ್ಟು ಮಕ್ಕಳು ದೈಹಿಕ ಹಿಂಸೆ ಅನುಭವಿಸಿದ್ದರು. ಏಟೊಂದೇ ಕೊಲೆಗಾರನನ್ನು ಮಾಡುವಂತಿದ್ದರೆ ಊರಿಗೆ ಮೂವರಲ್ಲಿ ಇಬ್ಬರು ಜೈಲಿನಲ್ಲಿರಬೇಕಿತ್ತು. ‘ನಾವೇನು ಏಟು ತಿನ್ನದೆ ಬೆಳೆದ್ವಾ, ನಾವೇನು ಕೆಟ್ಟೋದ್ವಾ’ ಎಂದು ಹಿರಿಯರು ಕೇಳುವುದೂ ಈ ಲೆಕ್ಕದ ಬಲದಿಂದಲೇ. ಅವರ ಪ್ರಶ್ನೆ ಸರಿಯಾಗಿಯೇ ಇದೆ. ಅದರಿಂದ ಅವರು ತೆಗೆಯುವ ತೀರ್ಮಾನ ತಪ್ಪು.

ಜೈಲಿನಿಂದ ಹಿಂದಕ್ಕೆ, ತೊಟ್ಟಿಲಿನಿಂದ ಮುಂದಕ್ಕೆ

ಅಮೆರಿಕದ ಎಫ್‌ಬಿಐನವರು ಒಮ್ಮೆ ಜೈಲಿನಲ್ಲಿದ್ದ 36 ಲೈಂಗಿಕ ಹಂತಕರನ್ನು ವಿವರವಾಗಿ ಮಾತಾಡಿಸಿದ್ದರು. ಬಹುಪಾಲು ಜನರ ಬಾಲ್ಯ ಒಡೆದ ಮನೆ, ಕುಡಿತ, ಹಿಂಸೆಗಳಿಂದ ತುಂಬಿತ್ತು. ಇಂಥ ಅಧ್ಯಯನ ಓದಿದವರಿಗೆ ಬಾಲ್ಯವೇ ಎಲ್ಲ ಅನ್ನಿಸಿಬಿಡುತ್ತದೆ. ಆದರೆ ಅದೇ ಥರದ ಮನೆಯಲ್ಲಿ ಬೆಳೆದು ಮೇಸ್ತ್ರಿಯೋ ಡ್ರೈವರೋ ಆಗಿ ಸುಮ್ಮನೆ ಸಂಸಾರ ಮಾಡಿಕೊಂಡಿರುವವರನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

ಲೆಕ್ಕವನ್ನು ತೊಟ್ಟಿಲಿನ ಕಡೆಯಿಂದ ಹಿಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾಥಿ ವೈಡಮ್. ಹಿಂಸೆ ಅಥವಾ ನಿರ್ಲಕ್ಷ್ಯಕ್ಕೆ ಒಳಗಾಗಿದ್ದಾರೆಂದು ಕೋರ್ಟಿನಲ್ಲೇ ಸಾಬೀತಾಗಿದ್ದ 908 ಮಕ್ಕಳನ್ನು, ಅದೇ ವಯಸ್ಸಿನ, ಅದೇ ಕೇರಿಯ 667 ಮಕ್ಕಳ ಜೊತೆ ಹೋಲಿಸಿ, ದೊಡ್ಡವರಾದ ಮೇಲೆ ಯಾರ ಮೇಲೆ ಯಾವ ಕೇಸು ಬಿತ್ತು ಎಂದು 1989ರಲ್ಲಿ ಪ್ರಕಟಿಸಿದರು. ಹಿಂಸಾತ್ಮಕ ಅಪರಾಧಕ್ಕೆ ಬಂಧನವಾದವರು ಮೊದಲ ಗುಂಪಿನಲ್ಲಿ ಶೇ 11, ಎರಡನೆಯದರಲ್ಲಿ ಶೇ 8. ವ್ಯತ್ಯಾಸ ಇದೆ, ಅಲ್ಲಗಳೆಯುವಂಥದ್ದಲ್ಲ. ಆದರೆ ನೂರರಲ್ಲಿ 89 ಮಕ್ಕಳು ಆ ದಾರಿಗೆ ಹೋಗಲೇ ಇಲ್ಲ. ಇನ್ನೊಂದು ಅಂಶ ಜನರ ಗಮನಕ್ಕೆ ಬರುವುದು ಕಡಿಮೆ: ಬರೀ ಏಟು ತಿಂದ ಮಕ್ಕಳಲ್ಲಿ ಈ ಪ್ರಮಾಣ ಶೇ 16ರ ಹತ್ತಿರವಿದ್ದರೆ, ಯಾರೂ ಕೈಮಾಡದೆ ಬರೀ ನಿರ್ಲಕ್ಷ್ಯಕ್ಕೆ ಒಳಗಾದ ಮಕ್ಕಳಲ್ಲಿಯೂ ಶೇ 12.5 ಇತ್ತು. ಮಗುವಿನ ಮೈಮೇಲೆ ಬಾಸುಂಡೆ ಇಲ್ಲ ಅಂದ ಮಾತ್ರಕ್ಕೆ ಮನೆ ಸರಿಯಾಗಿದೆ ಅಂತಲ್ಲ.

ಏಟಿನ ಜೊತೆ ಬೇರೆ ಏನೇನೋ ಸೇರಬೇಕು. ಏನು ಸೇರುತ್ತದೆ, ಯಾವ ಕ್ರಮದಲ್ಲಿ ಸೇರುತ್ತದೆ ಅನ್ನುವುದೇ ನೋಡಬೇಕಾದ ವಿಷಯ.

ಎರಡೂವರೆ ವರ್ಷದ ರೌಡಿ

ಮನುಷ್ಯ ಅತಿ ಹೆಚ್ಚು ಹೊಡೆಯುವುದು, ಕಚ್ಚುವುದು, ಒದೆಯುವುದು ಹದಿನೆಂಟರಲ್ಲಲ್ಲ, ಎರಡರಿಂದ ಮೂರೂವರೆ ವರ್ಷದೊಳಗೆ. ಕೆನಡಾದ ಮಾಂಟ್ರಿಯಲ್‌ನ ರಿಚರ್ಡ್ ಟ್ರೆಂಬ್ಲೆ ದಶಕಗಳ ಕಾಲ ಮಕ್ಕಳನ್ನು ಹಿಂಬಾಲಿಸಿ ತೋರಿಸಿದ್ದು ಇದನ್ನೇ. ಅಂಗನವಾಡಿ ಟೀಚರುಗಳಿಗೆ ಇದು ಹೊಸ ಸುದ್ದಿಯೇನಲ್ಲ. ಹೊಡೆಯುವುದನ್ನು ಯಾರೂ ಕಲಿಸಬೇಕಿಲ್ಲ, ಬಿಡುವುದನ್ನು ಕಲಿಸಬೇಕು. ಹೆಚ್ಚಿನ ಮಕ್ಕಳು ಶಾಲೆಗೆ ಸೇರುವ ಹೊತ್ತಿಗೆ ಕೇಳಿ ಪಡೆಯುವುದು, ಕಾಯುವುದು, ಮುನಿಸಿಕೊಳ್ಳುವುದು ಅಂತ ಬೇರೆ ದಾರಿ ಕಲಿತಿರುತ್ತಾರೆ. ಕೆಲವರು ಕಲಿತಿರುವುದಿಲ್ಲ. ಯಾಕೆ ಅಂತ ಹುಡುಕಿಕೊಂಡು ಹೋದರೆ ಸಿಗುವುದು ಭಯಂಕರ ಘಟನೆಯಲ್ಲ, ದಿನಾ ಸಂಜೆ ನಡೆಯುವ ಮಾಮೂಲಿ ರಗಳೆ.

ಮೂಡಿಗೆರೆ ಕಡೆಯ ಒಂದು ತೋಟದ ಕೆಲಸಗಾರರ ಲೈನ್ ಮನೆ ಅಂದುಕೊಳ್ಳಿ. ಕಾಫಿ ಕುಯ್ಲಿನ ಕಾಲ. ತಾಯಿ ದಿನವಿಡೀ ಹಣ್ಣು ಕುಯ್ದು, ಚೀಲ ಹೊತ್ತು ತೂಕ ಹಾಕಿಸಿ ಬಂದು ಒಲೆ ಹಚ್ಚಿದ್ದಾಳೆ. ನಾಲ್ಕು ವರ್ಷದ ಮಗ ಮೊಬೈಲ್ ಕೇಳುತ್ತಾನೆ.

“ಆಮೇಲೆ ಕೊಡ್ತೀನಿ ಇರೋ.”

“ಈಗ್ಲೇ ಬೇಕು.”

“ಬಾಯ್ ಮುಚ್ಕೊಂಡ್ ಕೂತ್ಕೊ. ನಿಮ್ಮಪ್ಪ ಬರ್ಲಿ, ಮಾಡಿಸ್ತೀನಿ.”

ಹುಡುಗ ಕಿರುಚುತ್ತಾನೆ. ತಾಯಿ ಸೌಟು ಎತ್ತುತ್ತಾಳೆ. ಅವನು ಕೊಡ ಒದೆಯುತ್ತಾನೆ, ನೀರು ಒಲೆವರೆಗೂ ಹರಿಯುತ್ತದೆ. “ತಗೊಂಡು ಸಾಯಿ ಅತ್ಲಾಗೆ” ಅಂತ ಮೊಬೈಲ್ ಅವನ ಮುಂದೆ ಬೀಳುತ್ತದೆ. ಮನೆ ತಣ್ಣಗಾಗುತ್ತದೆ.

ಒಂದೇ ನಿಮಿಷದಲ್ಲಿ ಇಬ್ಬರೂ ಪಾಠ ಕಲಿತರು. ಅತ್ತರೆ ಸಾಲದು, ಕೊಡ ಒದ್ದರೆ ಸಿಗುತ್ತದೆ ಎಂದು ಮಗ ಕಲಿತ. ಕೊಟ್ಟುಬಿಟ್ಟರೆ ನೆಮ್ಮದಿ ಎಂದು ತಾಯಿ ಕಲಿತಳು. ನಾಳೆ ಅವನು ಅಳುವುದರಿಂದ ಶುರು ಮಾಡುವುದಿಲ್ಲ, ಒದೆಯುವುದರಿಂದಲೇ ಶುರು ಮಾಡುತ್ತಾನೆ. ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ತಂಡದವರು ಮನೆಗಳಲ್ಲೇ ಕೂತು, ಯಾರು ಏನಂದರು, ಮರುಕ್ಷಣ ಏನಾಯಿತು ಎಂದು ಬರೆದುಕೊಂಡು ಈ ಸುತ್ತನ್ನು ಪತ್ತೆಮಾಡಿದರು. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ನಡೆದಾಗ ಬಲಪ್ರಯೋಗ ಹುಡುಗನ ಮೊದಲ ಭಾಷೆಯಾಗಿಬಿಡುತ್ತದೆ.

ಇದರ ಮೇಲೆ ಅಪ್ಪನ ಪಾತ್ರ ಬೇರೆ. ಒಂದು ದಿನ ಕುಡಿದು ಬಂದು ಅದೇ ತಪ್ಪಿಗೆ ಬೆಲ್ಟಿನಲ್ಲಿ ಬಾರಿಸುತ್ತಾನೆ. ಇನ್ನೊಂದು ದಿನ ಖುಷಿಯಲ್ಲಿ ಬಂದು “ಹುಲಿ ಮರಿ ಕಣೋ ನನ್ ಮಗ” ಅಂತ ನಗುತ್ತಾನೆ. ಏಟಿನ ಜೋರಿಗಿಂತ ಹೆಚ್ಚು ಹಾಳು ಮಾಡುವುದು ಈ ತಾಳಮೇಳವಿಲ್ಲದ ಶಿಸ್ತು ಎಂಬುದು ನಮ್ಮ ಅಭಿಪ್ರಾಯ. ಲಂಡನ್ನಿನ 411 ಹುಡುಗರನ್ನು 1961ರಿಂದ ಹಿಂಬಾಲಿಸಿದ ಕೇಂಬ್ರಿಜ್ ಅಧ್ಯಯನದಲ್ಲೂ ಮುಂದಿನ ಅಪರಾಧದ ಸುಳಿವುಗಳಲ್ಲಿ ಕಠೋರ ಹಾಗೂ ಚಂಚಲ ಶಿಸ್ತು, ಮಗ ಎಲ್ಲಿದ್ದಾನೆಂದು ವಿಚಾರಿಸದ ಮನೆ, ಜೈಲು ಕಂಡ ಅಪ್ಪ, ಬಡತನ ಒಟ್ಟೊಟ್ಟಿಗೆ ಕಾಣಿಸಿಕೊಂಡವು. ಏಟು ಯಾವಾಗ, ಯಾತಕ್ಕೆ ಬೀಳುತ್ತದೆ ಎಂದು ಗೊತ್ತಿಲ್ಲದ ಮಗು ಸರಿತಪ್ಪು ಕಲಿಯುವುದಿಲ್ಲ. ಅಪ್ಪನ ಮುಖ ಓದುವುದನ್ನು ಮಾತ್ರ ಕಲಿಯುತ್ತದೆ.

ಲೈನ್ ಮನೆಯನ್ನು ಉದಾಹರಣೆಗೆ ತೆಗೆದುಕೊಂಡದ್ದಕ್ಕೆ ಕಾರಣ ಒಂದೇ: ಅಲ್ಲಿ ಗೋಡೆ ತೆಳು, ರಗಳೆ ಪಕ್ಕದ ಮನೆಗೆ ಕೇಳಿಸುತ್ತದೆ. ಎಸ್ಟೇಟಿನ ದೊಡ್ಡ ಬಂಗಲೆಯಲ್ಲಿ ಹದಿನಾರರ ಮಗ ಬೈಕಿಗಾಗಿ ಟಿವಿ ಒಡೆದು, ವಾರದೊಳಗೆ ಬೈಕ್ ಬಾಗಿಲಿಗೆ ಬಂದರೆ ಅದೂ ಇದೇ ಸುತ್ತು. ಹಾಗೆಯೇ, ತಾಯಿ ಕೆಲಸಕ್ಕೆ ಹೋದಳು ಎಂಬುದು ನಿರ್ಲಕ್ಷ್ಯವಲ್ಲ. ಐವತ್ತು ಹೆಣ್ಣಾಳಿರುವ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲೇ ಬಂದಿತ್ತು. ಅದು ಇಲ್ಲದ ಕಡೆ ಎರಡು ವರ್ಷದ ಕೂಸನ್ನು ಏಳು ವರ್ಷದ ಅಕ್ಕ ಸೊಂಟದ ಮೇಲೆ ಹೊತ್ತು ನೋಡಿಕೊಳ್ಳುತ್ತಾಳೆ. ಆ ಲೋಪವನ್ನು ತಾಯಿಯ ಲೆಕ್ಕಕ್ಕೆ ಬರೆಯಬಾರದು.

ಮೈಗೆ ಹತ್ತುವ ಭಯ

ಬೈಕಿನ ಸದ್ದು ಕೇಳಿದ ಕೂಡಲೇ ಅಪ್ಪ ಇವತ್ತು ಎಷ್ಟು ಕುಡಿದಿದ್ದಾನೆ ಎಂದು ಅಳೆಯುವ ಮಗುವಿನ ದೇಹದಲ್ಲಿ ಅಪಾಯದ ವ್ಯವಸ್ಥೆ ಸದಾ ಚಾಲೂ. ಕಾರ್ಟಿಸಾಲ್ ಎಂಬ ಹಾರ್ಮೋನು ಏರುತ್ತದೆ. ಕ್ರಮೇಣ ಅದು ಏರಿಳಿಯುವ ಲಯವೇ ಕೆಡುತ್ತದೆ. ಅಪಾಯ ಗುರುತಿಸುವ ಅಮಿಗ್ಡಲ ಎಂಬ ಮಿದುಳಿನ ಭಾಗ ಚಿಕ್ಕ ಸುಳಿವಿಗೂ ಎಚ್ಚರವಾಗುತ್ತದೆ. ‘ತಡಿ, ಯೋಚನೆ ಮಾಡು’ ಎನ್ನುವ ಹಣೆಯ ಹಿಂದಿನ ಭಾಗ ಪೂರ್ತಿ ಬಲಿಯುವುದು ಇಪ್ಪತ್ತೈದರ ಸುಮಾರಿಗೆ. ಬ್ರೇಕಿಗಿಂತ ಮೊದಲು ಆಕ್ಸಿಲರೇಟರ್ ಕೂಡಿಸಿದ ಗಾಡಿಯ ಸ್ಥಿತಿ.

ಆಚೆಗೆ ಇದು ಕಾಣಿಸುವುದು ಹೀಗೆ. ಶಾಲೆಯ ನಲ್ಲಿ ಹತ್ತಿರ ಒಬ್ಬನ ಮೊಣಕೈ ತಾಗಿ ಇನ್ನೊಬ್ಬನ ತಟ್ಟೆ ಬೀಳುತ್ತದೆ. ಸಾಮಾನ್ಯ ಹುಡುಗ ‘ನೋಡ್ಕೊಂಡ್ ಹೋಗೋ’ ಅಂತಾನೆ. ಹಿಂಸೆಯ ಮನೆಯಿಂದ ಬಂದವನಿಗೆ ಕಾಣುವುದು ‘ಬೇಕಂತಲೇ ತಳ್ಳಿದ’ ಎಂದು. ಅವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ಹಾಗೇ ಕಂಡಿದೆ. ಕೆನೆತ್ ಡಾಜ್ ಮತ್ತು ಜೊತೆಗಾರರು 1990ರಲ್ಲಿ 309 ಚಿಕ್ಕ ಮಕ್ಕಳ ಅಧ್ಯಯನದಲ್ಲಿ, ಮನೆಯಲ್ಲಿ ಪೆಟ್ಟು ತಿಂದವರು ಬೇರೆಯವರ ನಡೆಯಲ್ಲಿ ದುರುದ್ದೇಶ ಕಾಣುವುದು ಹೆಚ್ಚು, ಜಗಳಕ್ಕೆ ಬೇರೆ ಪರಿಹಾರ ಹೊಳೆಯುವುದು ಕಡಿಮೆ ಎಂದು ತೋರಿಸಿದರು. ಇಪ್ಪತ್ತು ವರ್ಷದ ನಂತರ ಬಾರಿನ ಮುಂದೆ ಭುಜ ತಾಗಿದಾಗಲೂ ಅದೇ ‘ಬೇಕಂತಲೇ’ ಕೆಲಸ ಮಾಡುತ್ತದೆ. ಈಗ ಹೊಟ್ಟೆಯಲ್ಲಿ ಕ್ವಾರ್ಟರ್ ಇದೆ, ಸೊಂಟದಲ್ಲಿ ಚಾಕು ಇದೆ.

ಪೆಟ್ಟು ತಲೆಗೇ ಬಿದ್ದಿದ್ದರೆ ಪರಿಸ್ಥಿತಿ ಇನ್ನೂ ಕೆಡುತ್ತದೆ. ಅಮೆರಿಕದಲ್ಲಿ ಮರಣದಂಡನೆಗೆ ಕಾಯುತ್ತಿದ್ದ 15 ಜನರನ್ನು ಡೊರೊತಿ ಲೂಯಿಸ್ ತಂಡ 1986ರಲ್ಲಿ ಪರೀಕ್ಷಿಸಿದಾಗ ಹದಿನೈದು ಜನಕ್ಕೂ ತೀವ್ರವಾದ ತಲೆಪೆಟ್ಟಿನ ಇತಿಹಾಸವಿತ್ತು. ಸಂಖ್ಯೆ ಚಿಕ್ಕದು, ಹೋಲಿಕೆಗೆ ಬೇರೆ ಗುಂಪಿಲ್ಲ. ಆದರೂ ‘ಚಿಕ್ಕಂದಿನಲ್ಲಿ ತಲೆಗೆ ಏಟು ಬಿದ್ದು ಎಚ್ಚರ ತಪ್ಪಿದ್ದುಂಟೇ?’ ಎಂಬ ಪ್ರಶ್ನೆ ಆಮೇಲೆ ತಜ್ಞರ ಪಟ್ಟಿಯಿಂದ ಬಿಟ್ಟುಹೋಗಲಿಲ್ಲ.

‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುವವರಿಗೂ ಸ್ವಲ್ಪ ಜಾಗ ಬಿಡಬೇಕು. ಡೆನ್ಮಾರ್ಕಿನ 4,269 ಗಂಡುಮಕ್ಕಳ ದಾಖಲೆ ನೋಡಿದ ಏಡ್ರಿಯನ್ ರೇನ್ ತಂಡಕ್ಕೆ 1994ರಲ್ಲಿ ಕಂಡದ್ದು: ಹೆರಿಗೆಯಲ್ಲಿ ತೊಡಕು ಮತ್ತು ಮೊದಲ ವರ್ಷದಲ್ಲೇ ತಾಯಿಯ ತಿರಸ್ಕಾರ ಎರಡೂ ಇದ್ದವರು ಶೇ 4.5 ಮಾತ್ರ, ಹಿಂಸಾತ್ಮಕ ಅಪರಾಧಗಳಲ್ಲಿ ಅವರ ಪಾಲು ಶೇ 18. ನ್ಯೂಜಿಲೆಂಡಿನ ಡನೀಡನ್‌ನಲ್ಲಿ 442 ಗಂಡಸರ ಮೇಲಿನ 2002ರ ಅಧ್ಯಯನವೂ ಇಂಥದ್ದೇ: ಎಂಎಒಎ ಎಂಬ ಜೀನಿನ ಮಂದ ರೂಪ ಮತ್ತು ಬಾಲ್ಯದ ಹಿಂಸೆ ಎರಡೂ ಇದ್ದ ಶೇ 12 ಜನರ ಪಾಲಿಗೆ ಹಿಂಸಾತ್ಮಕ ಅಪರಾಧದ ಶಿಕ್ಷೆಗಳಲ್ಲಿ ಶೇ 44 ಬಂದಿತ್ತು. ನಂತರದ ಅಧ್ಯಯನಗಳಲ್ಲಿ ಇದು ಕೆಲವೆಡೆ ಹೊಂದಿದೆ, ಕೆಲವೆಡೆ ಹೊಂದಿಲ್ಲ. ಹೆರಿಗೆಯ ತೊಡಕಾಗಲಿ ಜೀನಾಗಲಿ ತಾನೊಂದೇ ಇದ್ದಾಗ ಹೆಚ್ಚೇನೂ ಮಾಡಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

‘ಅಳ್ತಾ ಮನೆಗೆ ಬರಬೇಡ’

ಇಲ್ಲಿಯವರೆಗಿನದು ಮುಂಗೋಪಿಯನ್ನು ತಯಾರು ಮಾಡುತ್ತದೆ. ಕೊಲೆಯವರೆಗೆ ಹೋಗಲು ಇನ್ನೂ ಮೆಟ್ಟಿಲುಗಳಿವೆ. ಅವನ್ನು ಚೆನ್ನಾಗಿ ಬಿಡಿಸಿಟ್ಟವರು ಅಮೆರಿಕದ ಅಪರಾಧಶಾಸ್ತ್ರಜ್ಞ ಲಾನಿ ಏಥೆನ್ಸ್. ಜೈಲುಗಳಲ್ಲಿ ಕೂತು, ಕೊಲೆ, ಹಲ್ಲೆ ಮಾಡಿದವರಿಂದ ‘ಆ ಕ್ಷಣದಲ್ಲಿ ಏನು ಯೋಚಿಸುತ್ತಿದ್ದೆ’ ಎಂದು ಕೇಳಿ ಕೇಳಿ 1980ರ ದಶಕದಲ್ಲಿ ನಾಲ್ಕು ಹಂತಗಳನ್ನು ಗುರುತಿಸಿದರು. ಕಡಿಮೆ ಜನರ ಸಂದರ್ಶನದಿಂದ ಕಟ್ಟಿದ ಸಿದ್ಧಾಂತ ಇದು, ಎಲ್ಲ ಕೊಲೆಗೂ ಹೊಂದುವುದಿಲ್ಲ. ಹಾಗಿದ್ದೂ ನಮ್ಮ ತಾಲ್ಲೂಕು ಕೇಂದ್ರಗಳ ಹುಡುಗರನ್ನು ನೋಡಿದವರಿಗೆ ಇದು ಅಪರಿಚಿತ ಅನ್ನಿಸುವುದಿಲ್ಲ.

ಮೊದಲ ಹಂತದಲ್ಲಿ ಮೂರು ಸಂಗತಿಗಳು ಸೇರುತ್ತವೆ. ಶರಣಾಗುವವರೆಗೆ, ಅಥವಾ ಶರಣಾದ ಮೇಲೂ ಬಿಡದೆ ಮಗುವನ್ನು ಹೊಡೆಯುವುದು ಒಂದು. ತನಗೆ ಬೇಕಾದವರನ್ನು, ಸಾಮಾನ್ಯವಾಗಿ ಅಮ್ಮನನ್ನು, ಕಣ್ಣೆದುರೇ ಹೊಡೆಯುವುದನ್ನು ನೋಡಿ ಏನೂ ಮಾಡಲಾಗದೆ ನಿಲ್ಲುವುದು ಇನ್ನೊಂದು. ಏಥೆನ್ಸ್ ಪ್ರಕಾರ ತಾನು ತಿಂದ ಏಟಿಗಿಂತ ಆಳಕ್ಕೆ ಇಳಿಯುವುದು ಇದೇ, ಯಾಕೆಂದರೆ ನೋವಿನ ಜೊತೆ ‘ಬಾಗಿಲ ಹಿಂದೆ ಬಚ್ಚಿಟ್ಟುಕೊಂಡೆ’ ಎಂಬ ನಾಚಿಕೆ ಸೇರುತ್ತದೆ. ಮೂರನೆಯದು ತರಬೇತಿ. ಅಪ್ಪ, ಚಿಕ್ಕಪ್ಪ, ಸೋದರಮಾವ, ಓಣಿಯ ದೊಡ್ಡ ಹುಡುಗರು ಇದನ್ನು ಕೊಡುತ್ತಾರೆ: “ಹೊಡೆಸ್ಕೊಂಡು ಅಳ್ತಾ ಮನೆಗೆ ಬರಬೇಡ, ಹೊಡ್ದು ಬಾ.” “ಕೈಗೆ ಬಳೆ ತೊಟ್ಕೊಂಡಿದೀಯಾ?” ತಮಾಷೆಗೆ ಅಂದ ಮಾತು ಅನ್ನಿಸಬಹುದು. ಮೊದಲ ಎರಡನ್ನು ಅನುಭವಿಸಿದ ಹುಡುಗನ ಕಿವಿಗೆ ಅದು ದಾರಿ ತೋರಿಸುವ ಮಾತು.

ಎರಡನೆಯ ಹಂತ ಒಂದು ನಿರ್ಧಾರ. ಹದಿಮೂರು ಹದಿನಾಲ್ಕರ ಹುಡುಗ ತನ್ನೊಳಗೇ ‘ಇನ್ನು ಮೇಲೆ ನನ್ನ ತಂಟೆಗೆ ಬಂದವರನ್ನು ಬಿಡಲ್ಲ’ ಎಂದುಕೊಳ್ಳುತ್ತಾನೆ. ಮೂರನೆಯದರಲ್ಲಿ ಅದನ್ನು ಪ್ರಯೋಗಿಸುತ್ತಾನೆ: ಜಾತ್ರೆಯಲ್ಲಿ, ಕಬಡ್ಡಿ ಟೂರ್ನಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಇಲ್ಲಿ ಸೋತರೆ ಬಹಳ ಜನ ಹಿಂದೆ ಸರಿಯುತ್ತಾರೆ. ಗೆದ್ದರೆ, ಅದೂ ಎದುರಾಳಿಯ ತಲೆಗೆ ಹೊಲಿಗೆ ಬೀಳುವಷ್ಟು ಗೆದ್ದರೆ, ಸುತ್ತಲಿನ ಊರು ನಾಲ್ಕನೆಯ ಹಂತವನ್ನು ತಾನೇ ನಡೆಸಿಕೊಡುತ್ತದೆ. ನೆನ್ನೆವರೆಗೆ ಹೆಸರೂ ಗೊತ್ತಿಲ್ಲದವರು ‘ಅಣ್ಣ’ ಅನ್ನುತ್ತಾರೆ. ಟೀ ಅಂಗಡಿಯವನು ದುಡ್ಡು ಕೇಳುವುದಿಲ್ಲ. ಯಾರದೋ ಸೈಟಿನ ಜಗಳಕ್ಕೆ ‘ಸುಮ್ನೆ ಬಂದು ನಿಂತ್ಕೊ ಸಾಕು’ ಅಂತ ಕರೆಯುತ್ತಾರೆ. ಸ್ಟೇಷನ್ನಿನಲ್ಲಿ ರೌಡಿ ಶೀಟ್ ತೆರೆದರೆ ಅದಕ್ಕೆ ಸರ್ಕಾರಿ ಮೊಹರೂ ಬಿತ್ತು. ಹುಟ್ಟಿದಾಗಿನಿಂದ ಯಾರ ಕಣ್ಣಲ್ಲೂ ಬೆಲೆಯಿಲ್ಲದವನಿಗೆ ಸಿಕ್ಕ ಮೊದಲ ಮರ್ಯಾದೆ ಇದು. ಅದನ್ನು ಉಳಿಸಿಕೊಳ್ಳಲು ಸಣ್ಣ ಅವಮಾನಕ್ಕೂ ದೊಡ್ಡ ಉತ್ತರ ಕೊಡಲೇಬೇಕಾಗುತ್ತದೆ. ಮೆಸಾಚುಸೆಟ್ಸ್ ಜೈಲುಗಳಲ್ಲಿ ಮನೋವೈದ್ಯರಾಗಿದ್ದ ಜೇಮ್ಸ್ ಗಿಲಿಗನ್ ಕೊಲೆಗಳ ಬುಡದಲ್ಲಿ ಮತ್ತೆ ಮತ್ತೆ ಕಂಡದ್ದು ಕೋಪವನ್ನಲ್ಲ, ಅವಮಾನವನ್ನು.

ಈ ನಾಲ್ಕರಲ್ಲಿ ಯಾವುದಾದರೂ ಒಂದು ತಪ್ಪಿದರೆ ಸರಪಳಿ ಅಲ್ಲಿಗೇ ಕಡಿಯುತ್ತದೆ. ಏಟು ತಿಂದವರಲ್ಲಿ ಹೆಚ್ಚಿನವರು ಯಾಕೆ ಕೊಲೆಗಾರರಾಗುವುದಿಲ್ಲ ಎಂಬುದಕ್ಕೆ ಅತ್ಯುತ್ತಮ ಉತ್ತರ ಇದೇ.

ಬೇರೆ ಎರಡು ದಾರಿ

ಕೆಲವರು ಈ ಮೆಟ್ಟಿಲು ಹತ್ತದೆಯೇ ಹಿಂಸೆಗೆ ಇಳಿಯುತ್ತಾರೆ. ಭಯ ಕಡಿಮೆ, ಬೇರೆಯವರ ಅಳು ತಾಗುವುದಿಲ್ಲ, ಶಿಕ್ಷೆಗೆ ಬಗ್ಗುವುದಿಲ್ಲ: ಇಂಥ ತಣ್ಣನೆಯ ಮಕ್ಕಳು ಕಡಿಮೆ, ಆದರೆ ಇದ್ದಾರೆ. ಏಳು ವರ್ಷದ ಅವಳಿ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ 2005ರಲ್ಲಿ ಪ್ರಕಟವಾದ, ಎಸ್ಸಿ ವೀಡಿಂಗ್ ಎಂಬ ಸಂಶೋಧಕಿಯ ಅಧ್ಯಯನದಲ್ಲಿ ಈ ಗುಣದ ಮೂರನೇ ಎರಡರಷ್ಟು ವ್ಯತ್ಯಾಸಕ್ಕೆ ಅನುವಂಶೀಯತೆಯೇ ಕಾರಣವೆಂದು ಕಂಡುಬಂತು. ಇವರಿಗೆ ಬೆತ್ತದಿಂದ ಏನೂ ಆಗುವುದಿಲ್ಲ, ಮೆಚ್ಚುಗೆ ಮತ್ತು ಬೆಚ್ಚನೆಯ ಒಡನಾಟದಿಂದ ಸ್ವಲ್ಪ ಆಗುತ್ತದೆ.

ಇದೇ ಜಾಗದಲ್ಲಿ ಒಂದು ಹಳೆಯ ತಪ್ಪು ನಂಬಿಕೆಯನ್ನು ತೆಗೆದುಹಾಕಬೇಕು. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಬೆಂಕಿ ಹಚ್ಚುವುದು, ಪ್ರಾಣಿಗಳಿಗೆ ಹಿಂಸೆ ಕೊಡುವುದು ಮೂರೂ ಇದ್ದರೆ ಹುಡುಗ ಹಂತಕನಾಗುತ್ತಾನೆ ಎಂಬ ಮಾತು ಯೂಟ್ಯೂಬಿನಲ್ಲಿ ಈಗಲೂ ಓಡುತ್ತಿದೆ. ಇದರ ಮೂಲ 1963ರಲ್ಲಿ ಮೆಕ್‌ಡೊನಾಲ್ಡ್ ಎಂಬ ಮನೋವೈದ್ಯರು ನೋಡಿದ 100 ರೋಗಿಗಳು. ಅವರು ಕೊಲ್ಲುವುದಾಗಿ ಬೆದರಿಸಿದ್ದವರು, ಕೊಂದವರಲ್ಲ. ನಂತರದ ಅಧ್ಯಯನಗಳು ಇದನ್ನು ಎತ್ತಿಹಿಡಿಯಲಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡುವುದು ಐದಾರು ವರ್ಷದವರೆಗೆ ಮಾಮೂಲು. ಅದಕ್ಕಾಗಿ ಮಗುವನ್ನು ಹೊಡೆದು ಎಲ್ಲರೆದುರು ನಾಚಿಕೆಪಡಿಸಿದರೆ ಇಲ್ಲದ ತೊಂದರೆಯನ್ನು ತಂದುಕೊಂಡಂತೆ. ಪ್ರಾಣಿಹಿಂಸೆಯ ವಿಷಯ ಬೇರೆ. ಓತಿಕ್ಯಾತಕ್ಕೆ ಕಲ್ಲು ಹೊಡೆಯುವ ಹುಡುಗಾಟ ಬಿಡಿ. ನಾಯಿಮರಿಯನ್ನು ಮತ್ತೆ ಮತ್ತೆ, ಯಾರೂ ಇಲ್ಲದಾಗ, ನರಳುವುದನ್ನು ನೋಡಲೆಂದೇ ಹಿಂಸಿಸುವ ಮಗುವನ್ನು ವೈದ್ಯರಿಗೆ ತೋರಿಸಲೇಬೇಕು. ಆ ಮಗು ತಾನೇ ಎಲ್ಲೋ ಹಿಂಸೆ ಅನುಭವಿಸುತ್ತಿರುವ ಸಾಧ್ಯತೆಯೂ ಇದೆ.

ಇನ್ನೊಂದು ದಾರಿಯನ್ನು ಪುಸ್ತಕಗಳಿಗಿಂತ ನಮ್ಮ ಊರುಗಳೇ ಚೆನ್ನಾಗಿ ಬಲ್ಲವು. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ, ಓದಿಸಿದರು, ಹಬ್ಬಕ್ಕೆ ಹೊಸ ಬಟ್ಟೆ ತಂದರು. ಅಂಥ ಮನೆಯ ಮಗನೇ ಬೇರೆ ಜಾತಿಯವನನ್ನು ಪ್ರೀತಿಸಿದ ತಂಗಿಯ ಮೇಲೆ ಕೈ ಎತ್ತುತ್ತಾನೆ. ಅವನ ಬಾಲ್ಯದಲ್ಲಿ ಗಾಯ ಹುಡುಕಿದರೆ ಸಿಗುವುದಿಲ್ಲ. ಸಿಗುವುದು ಪಾಠ. ಮನೆತನದ ಮರ್ಯಾದೆ ಹೆಣ್ಣುಮಗಳ ನಡೆಯಲ್ಲಿದೆ, ಅದು ಹೋದರೆ ಬದುಕಿ ಪ್ರಯೋಜನವಿಲ್ಲ ಎಂದು ಮುದ್ದು ಮಾಡುತ್ತಲೇ ಕಲಿಸಿದ ಪಾಠ. ಬೆಳೆಸುವುದೆಂದರೆ ಮಗುವನ್ನು ಹೇಗೆ ನಡೆಸಿಕೊಂಡರು ಎಂಬುದಷ್ಟೇ ಅಲ್ಲ, ಯಾವುದಕ್ಕಾಗಿ ಪ್ರಾಣ ತೆಗೆಯಬಹುದು ಎಂದು ಕಲಿಸಿದರು ಎಂಬುದೂ ಹೌದು. ‘ಕೊಲೆಗಾರನ ಬಾಲ್ಯ’ ಎಂದಾಗ ನಾವು ಕುಡುಕನ ಮನೆಯನ್ನು ಮಾತ್ರ ನೋಡುವುದು ಈ ಕಾರಣಕ್ಕೆ ದೊಡ್ಡ ಲೋಪ.

ಬಾಲ್ಯ ಕೋರ್ಟಿಗೆ ಬಂದಾಗ

ಬಾಲ್ಯ ಕೆಟ್ಟದಿತ್ತು ಎಂದು ಕೊಲೆಗೆ ಮಾಫಿ ಸಿಗುವುದಿಲ್ಲ. ಆದರೆ ಶಿಕ್ಷೆ ಎಷ್ಟು ಎನ್ನುವಾಗ ಲೆಕ್ಕಕ್ಕೆ ಬರುತ್ತದೆ. ಮರಣದಂಡನೆ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಎಂದು ಬಚನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಹೇಳಿತು. 2022ರ ಮೇ ತಿಂಗಳ ಮನೋಜ್ ಪ್ರಕರಣದ ತೀರ್ಪಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಚಾರಣಾ ಹಂತದಲ್ಲೇ ಆರೋಪಿಯ ಬಾಲ್ಯದ ಕುಟುಂಬ ಹಿನ್ನೆಲೆ, ಹಿಂಸೆ ಅಥವಾ ನಿರ್ಲಕ್ಷ್ಯದ ಇತಿಹಾಸ, ಓದು, ಬಡತನ, ಮಾನಸಿಕ ಸ್ಥಿತಿ ಇವುಗಳ ಮಾಹಿತಿ ತರಿಸಿಕೊಳ್ಳಬೇಕು ಎಂದಿತು. ಹದಿನೆಂಟು ತುಂಬದವರ ವಿಷಯದಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರೊಬೇಷನ್ ಅಧಿಕಾರಿ 15 ದಿನದೊಳಗೆ ಸಾಮಾಜಿಕ ತನಿಖಾ ವರದಿ ಕೊಡಬೇಕು. ಹುಡುಗನಿಗೆ 16 ತುಂಬಿದ್ದು, ಅಪರಾಧ ಕನಿಷ್ಠ ಏಳು ವರ್ಷ ಶಿಕ್ಷೆಯದಾಗಿದ್ದರೆ, ಮೂರು ತಿಂಗಳೊಳಗೆ ಬಾಲನ್ಯಾಯ ಮಂಡಳಿ ಅವನ ಮಾನಸಿಕ ಸಾಮರ್ಥ್ಯದ ಪ್ರಾಥಮಿಕ ಅಂದಾಜು ಮಾಡಬೇಕು.

ಕೆಲಸ ಕೆಡುವುದು ವರದಿ ಬರೆಯುವಾಗ. ಒಂದೇ ಸಲ ಮನೆಗೆ ಹೋಗಿ, ಜಗಲಿಯಲ್ಲಿ ಅಪ್ಪನನ್ನು ಕೇಳಿದರೆ ಸಿಗುವ ಉತ್ತರ ‘ನಾವೇನೂ ಕಮ್ಮಿ ಮಾಡಿಲ್ಲ ಸಾರ್’. ವರದಿಯಲ್ಲಿ ‘ಬಾಲ್ಯ ಸಾಮಾನ್ಯ’ ಎಂದು ಬೀಳುತ್ತದೆ. ತಾಯಿಯನ್ನು, ಅಕ್ಕನನ್ನು, ಅಜ್ಜಿಯನ್ನು ಬೇರೆ ಬೇರೆಯಾಗಿ ಮಾತಾಡಿಸಬೇಕು. ‘ಹೊಡೀತಿದ್ರಾ?’ ಎಂದು ಕೇಳಿದರೆ ಇಲ್ಲ ಎಂದೇ ಬರುತ್ತದೆ. ‘ತಪ್ಪು ಮಾಡಿದಾಗ ಮನೇಲಿ ಏನಾಗ್ತಿತ್ತು? ಕೈಯಲ್ಲಾ, ಬೆಲ್ಟಲ್ಲಾ? ಆಮೇಲೆ ಯಾರು ಹತ್ರ ಕೂರಿಸ್ಕೋತಿದ್ರು?’ ಎಂದು ಕೇಳಿದರೆ ಚಿತ್ರ ಸಿಗುತ್ತದೆ. ಬಾಯಿಮಾತಿಗೆ ಕಾಗದದ ಬೆಂಬಲ ಬೇಕು: ಹೆರಿಗೆಯ ತೊಡಕಿಗೆ ತಾಯಿ ಕಾರ್ಡ್, ಬೆಳವಣಿಗೆಗೆ ಅಂಗನವಾಡಿ ದಾಖಲೆ, ಶಾಲೆ ಯಾವಾಗ ತಪ್ಪಿತೆಂದು ತಿಳಿಯಲು ಹಾಜರಿ ಪುಸ್ತಕ ಮತ್ತು ಟಿ.ಸಿ., ತಲೆಪೆಟ್ಟಿಗೆ ಆಸ್ಪತ್ರೆಯ ಚೀಟಿ.

ಎಲ್ಲಿ ಕಡಿಯಬಹುದು

ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಎಮಿ ವರ್ನರ್‌ಗೆ, ತೀರಾ ಕಷ್ಟದ ಮನೆಗಳ ಮಕ್ಕಳಲ್ಲೂ ಮೂರರಲ್ಲೊಬ್ಬರು ಗಟ್ಟಿಯಾಗಿ ನಿಂತದ್ದು ಕಂಡಿತು. ಅವರಲ್ಲಿ ಎದ್ದುಕಂಡದ್ದು ಬಿಡದೆ ಜೊತೆಗಿದ್ದ ಒಬ್ಬ ಹಿರಿಯರು: ಅಜ್ಜಿ, ದೊಡ್ಡಮ್ಮ, ಮೇಷ್ಟ್ರು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಡೇವಿಡ್ ಓಲ್ಡ್ಸ್ ತಂಡ ಬಸಿರಿನಿಂದ ಮಗುವಿಗೆ ಎರಡು ವರ್ಷವಾಗುವವರೆಗೆ ನರ್ಸುಗಳನ್ನು ಮನೆಗೆ ಕಳಿಸಿತು. ಹದಿನೈದು ವರ್ಷದ ನಂತರ ನೋಡಿದರೆ ಆ ಮಕ್ಕಳ ಬಂಧನಗಳು ಕಡಿಮೆ ಇದ್ದವು. ನಮ್ಮಲ್ಲಿ ಆ ಬಾಗಿಲಿಗೆ ಹೋಗುವವರು ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು. ತೂಕ, ಲಸಿಕೆಯ ಜೊತೆ ‘ರಚ್ಚೆ ಹಿಡಿದಾಗ ಏನ್ ಮಾಡ್ತೀರಾ ಅಕ್ಕ?’ ಎಂದು ಒಂದು ಪ್ರಶ್ನೆ ಸೇರಿಸಲು ಯಾವ ಯೋಜನೆಯೂ ಬೇಕಿಲ್ಲ.

ಮನೆಯ ಆ ಸಂಜೆಯ ಸುತ್ತನ್ನು ಮುರಿಯುವ ಕ್ರಮ ಹೀಗಿದೆ. ದಿನಕ್ಕೆ ಐದರಿಂದ ಹತ್ತು ನಿಮಿಷ ಮಗು ಹೇಳಿದ ಆಟ ಆಡುವುದು, ಆಗ ಬುದ್ಧಿವಾದ ಇಲ್ಲ. ಆಜ್ಞೆ ಒಂದೊಂದಾಗಿ, ಸ್ಪಷ್ಟವಾಗಿ. ‘ಸರಿಯಾಗಿರು’ ಅಂದರೆ ನಾಲ್ಕು ವರ್ಷದವನಿಗೆ ಏನೂ ಅರ್ಥವಾಗುವುದಿಲ್ಲ, ‘ಚಪ್ಪಲಿ ಅಲ್ಲಿಡು’ ಅಂದರೆ ಆಗುತ್ತದೆ. ಮಾಡಿದ ತಕ್ಷಣ ಮೆಚ್ಚುಗೆ. ಮಾಡದಿದ್ದರೆ ಶಿಕ್ಷೆ ಚಿಕ್ಕದು, ಆದರೆ ಖಾತ್ರಿ: ವಯಸ್ಸಿಗೆ ಒಂದು ನಿಮಿಷದಂತೆ, ಐದು ನಿಮಿಷ ಮೀರದ ಹಾಗೆ, ಮೂಲೆಯಲ್ಲಿ ಸುಮ್ಮನೆ ಕೂರಿಸುವುದು. ರಚ್ಚೆಗೆ ಮಣಿಯಬಾರದು. ಎಲ್ಲರೂ ಎಡವುವುದು ಇಲ್ಲೇ. ಮಣಿಯುವುದನ್ನು ನಿಲ್ಲಿಸಿದ ಮೊದಲ ಕೆಲವು ದಿನ ರಚ್ಚೆ ಕಡಿಮೆಯಾಗುವ ಬದಲು ದುಪ್ಪಟ್ಟಾಗುತ್ತದೆ, ಇಷ್ಟು ದಿನ ಕೆಲಸ ಮಾಡಿದ್ದನ್ನು ಮಗು ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ‘ಇದೆಲ್ಲ ನಮ್ ಮಗೂಗೆ ಆಗಲ್ಲ’ ಎಂದು ಮೂರನೇ ದಿನ ಕೈಬಿಟ್ಟು ಮೊಬೈಲ್ ಕೊಟ್ಟರೆ, ಇನ್ನೂ ಜೋರಾಗಿ ಕಿರುಚಬೇಕು ಎಂದು ಕಲಿಸಿದ ಹಾಗಾಯಿತು. ಅಜ್ಜಿ, ಅಪ್ಪ, ಅಮ್ಮ ಮೂವರೂ ಒಂದೇ ನಿಯಮಕ್ಕೆ ನಿಂತು ಕೆಲವು ವಾರ ದಾಟಿಸಬೇಕು.

ಶಾಲೆಯಲ್ಲಿ ಏಟು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷಿದ್ಧ. ಮಗುವಿಗೆ ಹಿಂಸೆಯಾಗುತ್ತಿದೆ ಎಂದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಸುವ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ, ನಿಮ್ಮ ಕಡೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ. ಹಾಸನದವರಿಗೆ ಹಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗವೂ ಇದೆ. ಹೋಗುವಾಗ ‘ತುಂಬಾ ಹಠ ಸಾರ್’ ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಹಿಂದಿನ ಎರಡು ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ, ಯಾರ ಮೇಲೆ ಕೈಮಾಡಿದ, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಮನೆಯವರು ಏನು ಮಾಡಿದರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಒಯ್ಯಿರಿ. ತಲೆಗೆ ಪೆಟ್ಟು ಬಿದ್ದದ್ದು, ಫಿಟ್ಸ್ ಬಂದದ್ದು ಇದ್ದರೆ ಹಳೆಯ ಚೀಟಿಯೂ ಜೊತೆಗಿರಲಿ.